ಬೆರಳಿನ ಕ್ಲಿಪ್ಪು ನಾನು ಬಿಚ್ಚಲಿಲ್ಲ

ಪೀಣ್ಯದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಅರಿವಳಿಕೆ ಟೆಕ್ನಿಷಿಯನ್. ಆಪರೇಷನ್ನಿಗೆ ಮುಂಚೆ ಅರಿವಳಿಕೆಯ ಡಾಕ್ಟರ್ ಮೇಡಂ ರೋಗಿಯನ್ನು ಮಲಗಿಸುತ್ತಾರೆ. ಮೆಷಿನ್ನು, ಟ್ಯೂಬು, ಆಕ್ಸಿಜನ್ ನನ್ನ ಪಾಲು. ಬಿಡುವಾದಾಗ ಎಲ್ಲರ ದನಿ ತೆಗೆದು ಅಣಕಿಸುತ್ತೇನೆ. ಮಾಸ್ಕ್ ಹಾಕಿದ ಕೂಡಲೇ ಅರ್ಧ ಡಾಕ್ಟರಾದಂತೆ ನಡೆಯುವ ನನ್ನನ್ನೂ ಬಿಟ್ಟಿಲ್ಲ. ಆದರೆ ಮೂಗಿನಲ್ಲಿ ಮಾತಾಡುವ ಮ್ಯಾನೇಜರೇ ನನ್ನ ಹೆಸರುವಾಸಿ ಐಟಂ. ಏನು ಕೇಳಿದರೂ ಅವರ ಉತ್ತರ ಒಂದೇ: "ಇದೇನ್ ಅಮೆರಿಕಾನಾ?"

ಮಾನಿಟರಿನ ದನಿಯೂ ನನಗೆ ಬರುತ್ತದೆ. ರೋಗಿಯ ಬೆರಳಿಗೆ ಕ್ಲಿಪ್ಪು ಹಾಕಿದರೆ ಅದು ಟಿಂಕ್ ಟಿಂಕ್ ಎನ್ನುತ್ತದೆ. ರಕ್ತದಲ್ಲಿ ಆಕ್ಸಿಜನ್ ಇಳಿದಂತೆ ಸ್ವರವೂ ಇಳಿಯುತ್ತದೆ. ಒಮ್ಮೆ ಟೀ ಹೊತ್ತಿನಲ್ಲಿ ಆ ಇಳಿಯುವ ಸ್ವರ ತೆಗೆದು ಸಿಸ್ಟರನ್ನು ಓಡಿಸಿ, ಚೆನ್ನಾಗಿ ಬೈಸಿಕೊಂಡಿದ್ದೆ.

ಎರಡು ಮಾನಿಟರುಗಳಲ್ಲಿ ಒಂದು ರಿಪೇರಿಗೆ ಹೋಗಿ ಅಲ್ಲೇ ಸಂಸಾರ ಹೂಡಿತ್ತು. ಉಳಿದದ್ದು ಒಂದು. ಒಂದು ದಿನ ಮೊದಲ ರೋಗಿ ಸ್ಟೀಲ್ ಪಾಲಿಶ್ ಮಾಡುವ ಕಾರ್ಮಿಕರು, ಪಿತ್ತಕೋಶದ ಆಪರೇಷನ್ನು. ಬೀಡಿ ಸೇದುತ್ತೀರಾ ಎಂದು ಮೇಡಂ ಕೇಳಿದ್ದಕ್ಕೆ, "ಇಲ್ರೀ ಮೇಡಂ. ಧೂಳು ಮಾತ್ರ ದಿನಾ ಕುಡೀತೀನ್ರಿ" ಅಂದಿದ್ದರು.

ಆಪರೇಷನ್ ಮುಗಿದ ಮೇಲೆ ರೋಗಿ ತನ್ನ ಊರು ಹೇಳಿದರೆ ಎಚ್ಚರವಾಯಿತು, ವಾರ್ಡಿಗೆ ತಳ್ಳು: ಇದು ನಮ್ಮಲ್ಲಿನ ಪದ್ಧತಿ. ಅವರೂ "ರಾಯಚೂರ್ ಕಡಿ ರೀ" ಎಂದು ಮತ್ತೆ ಕಣ್ಣು ಮುಚ್ಚಿದರು. ಮ್ಯಾನೇಜರ್ ಬಾಗಿಲಲ್ಲೇ ಕಾಯುತ್ತಿದ್ದರು.

"ಊರು ಹೇಳಿದ್ನಲ್ಲ, ಕ್ಲಿಪ್ಪು ಬಿಚ್ಚು. ಒಳಗೆ ಹರ್ನಿಯಾ ಕೇಸ್ ಕಾಯ್ತಿದೆ."

ಸ್ವರ ಒಂದು ಕೂದಲೆಳೆಯಷ್ಟು ಇಳಿದಿತ್ತು. ನನ್ನ ಕಿವಿಗೆ ಮಾತ್ರ.

"ಬಿಚ್ಚಲ್ಲ ಸಾರ್."

"ಏನೋ? ಒಬ್ಬೊಬ್ಬನಿಗೆ ಒಂದೊಂದು ಮಾನಿಟರ್ ಇಡೋಕೆ ಇದೇನ್..."

"ಅಮೆರಿಕಾನಾ?" ಅವರ ಮಾತನ್ನು ಅವರದೇ ಮೂಗಿನಲ್ಲಿ ಮುಗಿಸಿಬಿಟ್ಟೆ. ಬೇಕೆಂದಲ್ಲ, ಬಾಯಿಯ ಚಟ. ಸಿಸ್ಟರ್ ನಗು ಮುಚ್ಚಿಕೊಳ್ಳಲು ಗೋಡೆಯ ಕಡೆ ತಿರುಗಿದರು. ಇನ್ನು ಹಿಂದೆ ಹೋಗುವುದೇನು? "ಅಲ್ಲ ಸಾರ್, ಪೀಣ್ಯ. ದೇಶದ ತಲಾದಾಯ ನೋಡ್ಕೊಂಡು ಉಸಿರಾಡಿ ಅಂತ ಈ ಅಣ್ಣಂಗೆ ಹೇಳ್ಲಾ?"

"ನಾಳೆಯಿಂದ ಬರಬೇಡ ನೀನು!"

"ಅದು ನಾಳೆ ಮಾತು. ಈಗ ಬಿಚ್ಚಲ್ಲ."

ಅಷ್ಟರಲ್ಲಿ ಸ್ವರ ಎಲ್ಲರಿಗೂ ಕೇಳುವಂತೆ ಜಾರಿತು. ನಾನು ಗದ್ದ ಎತ್ತಿ ಹಿಡಿದು ಆಕ್ಸಿಜನ್ ಮಾಸ್ಕ್ ಒತ್ತಿದೆ, ಸಿಸ್ಟರ್ ಮಂಚದ ತಲೆಭಾಗ ಏರಿಸಿದರು. ಮೇಡಂ ಓಡಿ ಬಂದರು. ರೋಗಿಗೆ ಸ್ವಲ್ಪ ಎಚ್ಚರವಾಗುತ್ತಲೇ ನಾನು ಕೂಗಿದೆ:

"ಅಣ್ಣಾ, ಕೆಮ್ರೀ!"

"ನೋಯ್ತದೋ..."

"ನನ್ನನ್ನ ಬೈಕೊಂಡು ಕೆಮ್ಮಿ!"

ಬೈದರು. ನನ್ನ ಮನೆತನದ ಯಾರನ್ನೂ ಬಿಡಲಿಲ್ಲ. ಆಮೇಲೆ ಕೆಮ್ಮಿದರು. ಬೂದು ಬಣ್ಣದ ಕಫ ಬಂತು. ಸ್ವರ ನಿಧಾನಕ್ಕೆ ಮೇಲೇರಿತು.

ಮೇಡಂ ಮ್ಯಾನೇಜರ್ ಕಡೆ ತಿರುಗಿದರು. "ನಾನು ಹೊರದೇಶದಲ್ಲೂ ಕೆಲಸ ಮಾಡಿದೀನಿ ಕಣ್ರೀ. ಔಷಧಿ ಅಲ್ಲೂ ಇವೇ. ಆದ್ರೆ ಆಪರೇಷನ್ ಆದ್ಮೇಲೆ ಪಕ್ಕದಲ್ಲಿ ಒಬ್ಬರು ನಿಂತು ನೋಡ್ತಿರ್ತಾರೆ. ದುಡ್ಡಿರೋ ದೇಶ ಅಂದ್ರೆ ಅದು. ಹರ್ನಿಯಾ ಕಾಯಲಿ."

ಮರುದಿನ ನಾನು ಎಂದಿನಂತೆ ಕೆಲಸಕ್ಕೆ ಹೋದೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಹಾಗೇ ಇತ್ತು. ಎರಡನೇ ಮಾನಿಟರ್ ಇನ್ನೂ ಬಂದಿಲ್ಲ. ಆದರೆ ಈಗ ರೋಗಿ ಊರು ಹೇಳಲಿ, ತಾಲ್ಲೂಕು ಹೇಳಲಿ, ಸ್ವರ ಮೇಲೆ ಗಟ್ಟಿಯಾಗಿ ನಿಲ್ಲುವ ತನಕ ನಾನು ಕ್ಲಿಪ್ಪು ಮುಟ್ಟಲು ಬಿಡುವುದಿಲ್ಲ. ಮ್ಯಾನೇಜರ್ ಬಾಗಿಲಿಗೆ ಬಂದು ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಸುಮ್ಮನೆ ಮೂಗು ಹಿಡಿದುಕೊಳ್ಳುತ್ತೇನೆ. ಅವರು ವಾಪಸ್ ಹೋಗುತ್ತಾರೆ.