ಬರಿ ಹಣೆಯ ಲಕ್ಷ್ಮಿ

ಆ ದಿನ ಶುಕ್ರವಾರವೇ ಇದ್ದಿರಬೇಕು. ಇಲ್ಲದಿದ್ದರೆ ಅಷ್ಟೊಂದು ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬರಲು ಕಾರಣವಿಲ್ಲ. ಇದು ನನ್ನ ಊಹೆ, ನೆನಪಲ್ಲ. ಪುಣೆಯಲ್ಲಿ ಓದಿ ಬಂದಮೇಲೆ ಯಾರ ಮಾತನ್ನೂ ನಂಬದ ಚಟ ಹತ್ತಿತ್ತು. ಈಗ ನನ್ನ ಮಾತನ್ನೇ ನಂಬಲಾಗುತ್ತಿಲ್ಲ.

ಸಂಸ್ಥಾನಗಳು ಇನ್ನೂ ಇದ್ದ ಕಾಲ. ನನ್ನ ಗೆಳೆಯ, ಬನಹಟ್ಟಿಯ ನೇಕಾರರ ಮಗ, ಮುಂಬೈಯಲ್ಲಿ ಚಿತ್ರಕಲೆ ಕಲಿತು ಬಂದು, ನೂಲಿನ ವ್ಯಾಪಾರಿಯೊಬ್ಬರ ಅಂಗಡಿಯ ಮಹಡಿಯಲ್ಲಿ ತನ್ನ ಚಿತ್ರಗಳನ್ನು ತೂಗುಹಾಕಿದ. ಎಲ್ಲ ಹಳೆಯ ಚಿತ್ರ, ಶಿಲ್ಪಗಳ ಮಾದರಿಯವೇ, ಆದರೆ ಒಳಗೆ ನಮ್ಮೂರನ್ನು ಕೂಡಿಸಿದ್ದ. ಬಾದಾಮಿಯ ಗವಿಯ ದ್ವಾರಪಾಲಕ ಗದೆ ಬಿಟ್ಟು ನೂಲಿನ ಗಂಟು ಹೊತ್ತಿದ್ದ. ಅರಮನೆಯ ಪಟದ ರಾಜರ ಠೀವಿಯಲ್ಲಿ ಮುದಿ ನೇಕಾರನೊಬ್ಬ ಬೀಡಿ ಸೇದುತ್ತಿದ್ದ. ನಡುಗೋಡೆಗೆ ಲಕ್ಷ್ಮಿ. ಮನೆಮನೆಯ ಅಚ್ಚಿನ ಪಟದಂತೆಯೇ ಕಮಲ, ಆನೆ ಎಲ್ಲ ಇದ್ದವು. ಆದರೆ ಮುಖ ಅವನ ತೀರಿಹೋದ ತಾಯಿಯದು, ಎದುರಿಗೆ ನೂಲು ಸುತ್ತುವ ರಾಟೆ, ಹಣೆ ಬರಿದು. ಆಕೆ ವಿಧವೆ. ನೂಲು ಸುತ್ತಿಯೇ ಮಗನನ್ನು ಓದಿಸಿದವಳು.

"ನಮ್ಮವ್ವ ಹೆಂಗಿದ್ಲೋ ಹಂಗ ಇರ್ಲಿ. ಇದ್ದಾಗ ಒಂದು ಮದವ್ಯಾಗೂ ಮುಂದ ಬರಾಕ ಬಿಡಲಿಲ್ಲ ಈ ಓಣಿ ಮಂದಿ. ಈಗರ ನೋಡ್ಲಿ," ಎಂದಿದ್ದ. ಹಣೆಯ ಬಣ್ಣ ಇನ್ನೂ ಹಸಿಯಾಗಿತ್ತು. "ಲೇ, ಉಂಡು ಬರ್ತೇನಿ. ಯಾರೂ ಮುಟ್ಟದಂಗ ನೋಡ್ಕೋ."

ಮೊದಲು ಬಂದ ಹಿರಿಯ ಮುತ್ತೈದೆ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಪೂಜೆಗೇ ಬಂದಿದ್ದಾಳೆಂದು ಆಗಲೇ ನನಗೆ ತಿಳಿಯಬೇಕಿತ್ತು. ಅವಳು ಅವನ ಓಣಿಯವಳೇ, ಆದರೂ ಪಟದಲ್ಲಿದ್ದ ಅವನ ತಾಯಿಯ ಮುಖದ ಗುರುತು ಅವಳಿಗೆ ಹತ್ತಲಿಲ್ಲ.

"ಯವ್ವಾ, ಕುಂಕಮಾನ ಮರತಾನಲ್ಲ! ಮುಂಬೈಕ ಹೋಗಿ ಏನ ಕಲ್ತ ಬಂದ ಇಂವಾ?"

"ಗಂಡಸ್ರಿಗೆ ಏನ ತಿಳೀತೈತಿ, ಬಿಡ ಬೇ," ಎಂದು ಜೊತೆಗಿದ್ದವಳು ನಕ್ಕಳು.

"ಮುಟ್ಟಬ್ಯಾಡ್ರಿ, ಬಣ್ಣ ಹಸಿ ಐತ್ರಿ," ಎಂದೆ. ಅಂದೆನೆಂದೇ ನನ್ನ ನೆನಪು.

"ದೇವ್ರಿಗೆ ಹಸಿ ಏನು, ಒಣ ಏನೋ ತಮ್ಮಾ?"

ಪಟದಲ್ಲಿರುವಾಕೆ ವಿಧವೆ ಎಂದಿದ್ದರೆ ಸಾಕಿತ್ತು. ಆದರೆ ಮುತ್ತೈದೆಯರ ಎದುರು ಲಕ್ಷ್ಮಿಯನ್ನು ಹಾಗೆನ್ನಲು, ದೇವರನ್ನೇ ನಂಬದ ನನ್ನ ನಾಲಿಗೆ ಏಳಲಿಲ್ಲ. ಒಬ್ಬೊಬ್ಬರಾಗಿ ಬೆರಳು ಒತ್ತಿದರು. ಕುಂಕುಮ ಎಣ್ಣೆಬಣ್ಣಕ್ಕೆ ಕಚ್ಚಿಕೊಂಡಿತು.

ಗೆಳೆಯ ಬಂದು ನೋಡಿದ. ಬಟ್ಟೆಗೆ ಬಣ್ಣ ಕರಗಿಸುವ ಟರ್ಪೆಂಟೈನ್ ಸುರಿದು ಹಣೆಯ ತನಕ ಕೈ ಎತ್ತಿದ.

"ಅಯ್ಯ ಯಪ್ಪಾ, ಕುಂಕಮ ಅಳಸ್ತೀಯೇನೋ!" ಎಂದು ಹಿರಿಯಳು ಕೂಗಿದಳು.

ಅವನ ಕೈ ಅಲ್ಲೇ ನಿಂತಿತು. ಅಪ್ಪ ಸತ್ತಾಗ ಅವನಿಗೆ ಎಂಟು ವರ್ಷ. ತಾಯಿಯ ಹಣೆಯನ್ನು ಹೆಂಗಸರು ಹೀಗೆಯೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದನ್ನು ಬಾಗಿಲ ಹಿಂದೆ ನಿಂತು ನೋಡಿದ್ದನಂತೆ.

ಬಟ್ಟೆಯನ್ನು ನನ್ನತ್ತ ಚಾಚಿದ. "ನೀನರ ಒರಸಲೇ. ನನ್ನ ಕೈಲೆ ಆಗವಲ್ದು."

ನಾನು ತೆಗೆದುಕೊಂಡೆನೆಂದೇ ಇಷ್ಟು ವರ್ಷ ನಂಬಿದ್ದೆ. ನೀನು ಕೈಯನ್ನೇ ಚಾಚಲಿಲ್ಲ, ಬಟ್ಟೆ ನೆಲಕ್ಕೆ ಬಿತ್ತು ಎಂದು ಅವನು ಮೊನ್ನೆ ಹೇಳಿದ. ಯಾವುದು ಖರೆಯೋ ಗೊತ್ತಿಲ್ಲ. ಒರೆಸಲಿಲ್ಲ ಎಂಬುದು ಮಾತ್ರ ಖರೆ. ಸಂಜೆಯವರೆಗೂ ಹೆಂಗಸರು ಬರುತ್ತಲೇ ಇದ್ದರು. ನಾವಿಬ್ಬರೂ ಬದಿಗೆ ಸರಿದು ಅವರಿಗೆ ದಾರಿ ಬಿಟ್ಟೆವು.