ಪಕ್ಕದವಳ ರಾಶಿ

ನಾನು ಕೆಲಸ ಮಾಡುವುದು ಅರಳಗುಪ್ಪೆ ದಾರಿಯ ಒಂದು ಕಾಯಿಪುಡಿ ಶೆಡ್ಡಿನಲ್ಲಿ. ಚಿಪ್ಪು ತೆಗೆದ ತೆಂಗಿನಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಲ್ಲಿ ಹೆರೆದು, ಬೆಳ್ಳಗೆ ಮಾಡಿ ನೀರಿನ ತೊಟ್ಟಿಗೆ ಹಾಕುವುದು ನಮ್ಮ ಕೆಲಸ. ಆಮೇಲೆ ಅದು ಪುಡಿಯಾಗಿ ಬಿಸ್ಕತ್ತು, ಮಿಠಾಯಿ ಮಾಡುವವರಿಗೆ ಹೋಗುತ್ತದೆ. ಬೆಳಿಗ್ಗೆ ಒಬ್ಬೊಬ್ಬರ ಮುಂದೂ ಒಂದೊಂದು ರಾಶಿ ಸುರಿಯುತ್ತಾರೆ. ತನ್ನ ರಾಶಿ ಮುಗಿಸಿದವಳು ಎದ್ದು ಹೋಗುವಂತಿಲ್ಲ, ಹಿಂದೆ ಬಿದ್ದವಳ ರಾಶಿಗೆ ಕೂರಬೇಕು. ನಾವೇನು ಅಷ್ಟು ದೊಡ್ಡ ಪುಣ್ಯಾತ್ಗಿತ್ತಿಯರಲ್ಲ. ನಮ್ಮನ್ನೆಲ್ಲ ಊರಿಗೆ ಬಿಡುವುದು ಒಂದೇ ಆಟೋ, ಎಲ್ಲರೂ ಹತ್ತದೆ ಅದು ಹೊರಡುವುದಿಲ್ಲ. ಹಾಗೆ ಶುರುವಾದದ್ದು ಅಭ್ಯಾಸವಾಗಿ ಹೋಯಿತು. ಬಾಣಂತನ ಮುಗಿಸಿ ಬಂದವಳು, ಜ್ವರದಲ್ಲಿ ಬಂದವಳು, ಗಂಡನ ಜೊತೆ ಜಗಳವಾಡಿ ಕೈ ಓಡದವಳು, ಯಾರದೇ ರಾಶಿಯಾದರೂ ಸಂಜೆಗೆ ಕರಗುತ್ತಿತ್ತು. ಕೂಲಿ ಮಾತ್ರ ಅವಳ ಹೆಸರಿಗೇ.

ಹೋದ ವರ್ಷ ಮಗಳಿಗೆ ತುಮಕೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅದೇ ಹೊತ್ತಿಗೆ ತಿಪಟೂರಿನ ಆಚೆ ದೊಡ್ಡದೊಂದು ಫ್ಯಾಕ್ಟರಿಯವರು ಹೆರೆಯುವ ಹೆಂಗಸರು ಬೇಕು ಅಂದರು. ನನ್ನ ಕೂಲಿಗಿಂತ ಅರ್ಧದಷ್ಟು ಹೆಚ್ಚು ಸಂಬಳ, ತಲೆಗೆ ಟೋಪಿ, ಕಾಲಿಗೆ ಬೂಟು, ಕರೆದುಕೊಂಡು ಹೋಗಲು ಬಸ್ಸು. ಆ ಸಂಬಳ ಬಂದರೆ ಮಗಳನ್ನು ಹಾಸ್ಟೆಲಿನಲ್ಲಿ ಇಡಬಹುದು. ಇಲ್ಲದಿದ್ದರೆ ಅವಳು ದಿನಾ ರೈಲಿನಲ್ಲಿ ಓಡಾಡಬೇಕು. ನಮ್ಮ ಶೆಡ್ಡನ್ನು ನೆಚ್ಚಿಕೊಳ್ಳುವಂತೆಯೂ ಇರಲಿಲ್ಲ. ಕಾಯಿ ರೇಟು ಏರಿ, ಲಾರಿ ಬರುವುದೇ ಕಡಿಮೆಯಾಗಿತ್ತು.

ಮಾಲೀಕರಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ.

"ಕಾಯಿ ಸಿಗೋಗಂಟ ನಾನಾಗೇ ಯಾರ್ನೂ ಕೆಲ್ಸ ಬಿಡ್ಸಿ ಕಳ್ಸಲ್ಲ ಕಣಮ್ಮ. ಅವ್ರಷ್ಟು ಕೊಡಕ್ಕೆ ನನ್ ಕೈಲಾಗಲ್ಲ. ಹೋಗಿ ನೋಡ್ಕಂಡ್ ಬಾ" ಎಂದರು.

"ಬೂಟಿನಮ್ಮ ಹೊಂಟ್ಲು ಕಣ್ರೇ!" ಅಂತ ಶೆಡ್ಡಿನವರು ನನ್ನನ್ನು ಗೋಳು ಹೊಯ್ದುಕೊಂಡರು.

ಫ್ಯಾಕ್ಟರಿ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ತಲೆಯ ಮೇಲೆ ಫ್ಯಾನು, ಕೂರಲು ಸ್ಟೂಲು, ಬಾಗಿಲಿಗೆ ಚಿಲಕವಿರುವ ಶೌಚಾಲಯ. ಆದರೆ ಅಷ್ಟು ಹೆಂಗಸರಿದ್ದೂ ಒಂದು ಮಾತಿಲ್ಲ, ನಗುವಿಲ್ಲ. ಮೊದಲ ದಿನವೇ ನನ್ನ ರಾಶಿ ಬೇಗ ಮುಗಿಯಿತು. ಪಕ್ಕದವಳು ಇನ್ನೂ ಒದ್ದಾಡುತ್ತಿದ್ದಳು. ನಾನು ಯೋಚನೆಯನ್ನೇ ಮಾಡದೆ ಚಾಕು ಹಿಡಿದು ಅವಳ ರಾಶಿಗೆ ಕೂತುಬಿಟ್ಟೆ. ಅವಳು ನನ್ನ ಕೈ ತಳ್ಳಿದಳು.

"ಎದ್ದೇಳು ಮೊದ್ಲು! ನನ್ ಕೆಲ್ಸ ಕಿತ್ಕಳಕ್ಕೆ ಬಂದಿದ್ದೀಯಾ?"

ನನಗೆ ರೇಗಿಹೋಯಿತು. ಸಹಾಯಕ್ಕೆ ಹೋದರೆ ಇದೇನು ಸೊಕ್ಕು ಅಂದುಕೊಂಡೆ. ಬುತ್ತಿ ಡಬ್ಬಿ ತೊಳೆಯುವ ನಲ್ಲಿಯ ಹತ್ತಿರ ಅವಳೇ ಬಂದಳು. ಮೊಣಕೈ ಊದಿಕೊಂಡಿತ್ತು.

"ಬೇಜಾರ್ ಮಾಡ್ಕಬ್ಯಾಡ ಕಣಕ್ಕ. ಬೇರೆಯೋರು ಕೈ ಹಾಕುದ್ರೆ, ಇವಳ ಕೈಲಾಗಲ್ಲ ಅಂತ ಸೂಪರ್‌ವೈಸರ್ ಬರ್ಕಂತಾನೆ. ಹಿಂದೆ ಬಿದ್ದೋರ ಊರಲ್ಲಿ ಮುಂದಿನ ತಿಂಗ್ಳು ಬಸ್ಸೇ ನಿಲ್ಸಲ್ಲ."

ಆ ವಾರವೆಲ್ಲ ನನ್ನ ರಾಶಿ ಮುಗಿಸಿ, ಕೈ ಕಟ್ಟಿ ಕೂತು, ಅವಳು ತಿಣುಕುವುದನ್ನು ನೋಡಿದೆ. ಭಯವಾಯಿತು. ಇವತ್ತು ನನ್ನ ಕೈ ಓಡುತ್ತದೆ, ಸರಿ. ಮಗಳ ಓದು ಮುಗಿಯುವುದರೊಳಗೆ ನನ್ನ ಮೊಣಕೈಯೂ ಊದಿದರೆ? ಇಲ್ಲಿ ಕೇಳುವವರು ಯಾರು?

ಫ್ಯಾಕ್ಟರಿ ಬಿಟ್ಟುಬಿಡೋಣ ಅನ್ನಿಸುತ್ತಿದೆ ಅಂತ ಮಗಳಿಗೆ ಹೇಳಿದಾಗ ಅವಳು ನಕ್ಕಳು. "ರೈಲಲ್ಲೇ ಓದ್ಕಂತೀನಿ ಬುಡಮ್ಮ. ನೀನು ಮನೇಗ್ ಬಂದು ಮಾತೇ ಆಡದಿರೋದು ನಂಗೆ ನೋಡಕ್ಕಾಗಲ್ಲ."

ಶೆಡ್ಡಿಗೆ ವಾಪಸು ಬಂದೆ, ಆದರೆ ಬಾಯಿ ಮುಚ್ಚಿಕೊಂಡು ಬರಲಿಲ್ಲ. ಎಲ್ಲರಿಗೂ ಕೂಲಿ ಏರಿಸಬೇಕು, ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಬೇಕು ಅಂತ ಮಾಲೀಕರನ್ನು ಕೇಳಿದೆ. ಅವರು ತಲೆ ಕೆರೆದುಕೊಂಡು ಅಷ್ಟಿಷ್ಟು ಏರಿಸಿದರು. ಚಿಲಕ ಮಾತ್ರ ಮಾರನೇ ದಿನವೇ ಬಂತು. ಮಗಳು ಮುಂಜಾನೆಯ ಚಳಿಯಲ್ಲಿ ರೈಲಿಗೆ ಓಡುವಾಗ ಫ್ಯಾಕ್ಟರಿಯ ಸಂಬಳ ಈಗಲೂ ನೆನಪಾಗುತ್ತದೆ, ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಫ್ಯಾಕ್ಟರಿಯ ಆ ಪಕ್ಕದವಳು ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಊರಲ್ಲಿ ಬಸ್ಸು ನಿಂತಿರಲಿಲ್ಲ. ನಾನು ಹೇಳಿದ್ದಕ್ಕೆ ಮಾಲೀಕರು ಸೇರಿಸಿಕೊಂಡು ನನ್ನ ಪಕ್ಕದಲ್ಲೇ ಜಾಗ ಕೊಟ್ಟರು. ಯಾರಾದರೂ ಹತ್ತಿರ ಬಂದರೆ ಅವಳು ತನ್ನ ರಾಶಿಗೆ ಮೈ ಅಡ್ಡ ಹಿಡಿಯುತ್ತಿದ್ದಳು. "ನಿನ್ ರಾಶಿ ಯಾರೂ ಹೊತ್ಕಂಡ್ ಹೋಗಲ್ಲ ಕಣೇ" ಅಂತ ನಮ್ಮವರು ಛೇಡಿಸಿ, ಅವಳ ಎರಡೂ ಪಕ್ಕ ಕೂತು ಹೆರೆದು ಮುಗಿಸುತ್ತಿದ್ದರು. ಅವಳು ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಮೊಣಕೈ ವಾಸಿಯಾದ ಮೇಲೆ ಒಂದು ದಿನ ಅವಳ ರಾಶಿ ನನಗಿಂತ ಮೊದಲು ಮುಗಿಯಿತು. ಎದ್ದು ಸೀರೆ ಕೊಡವಿಕೊಂಡಳು. ಆಟೋ ಹತ್ತಿರ ಹೋಗುತ್ತಾಳೆ ಅಂದುಕೊಂಡೆ. ಅವಳು ಬಾಗಿಲ ಕಡೆ ಒಮ್ಮೆ ಹೆದರಿ ನೋಡಿದಳು. ಬರೆದುಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ. ತನ್ನ ಮಣೆ ಎಳೆದುಕೊಂಡು ಬಂದು ನನ್ನ ರಾಶಿಯ ಮುಂದೆ ಹಾಕಿದಳು.

"ವಸಿ ಸರ್ಕಳಕ್ಕ" ಎಂದಳು.

ನಾನು ಸರಿದು ಕೂತೆ.