ಬಿಸಿಯಾದಾಗ ನಿಲ್ಲುವ ಗಾಡಿ

ಗ್ಯಾರೇಜಿನಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಂಗಿಯ ಕಾಲರಿನಲ್ಲಿ ಸದಾ ಎರಡು ಹೊಲಿಗೆ ಸೂಜಿಗಳು ಚುಚ್ಚಿಕೊಂಡಿರುತ್ತಿದ್ದವು. ವೈರು ಸೇರುವ ಜಾಗಕ್ಕೆ ಅವನ್ನು ತೂರಿಸಿ, ಮೀಟರಿನ ಕಡ್ಡಿ ಮುಟ್ಟಿಸಿ, ಒಳಗೆ ಕರೆಂಟು ಹರಿಯುತ್ತಿದೆಯೋ ಇಲ್ಲವೋ ಎಂದು ನೋಡುವುದು ಅವಳ ರೂಢಿ. ರೇಡಿಯೊ ರಿಪೇರಿಯ ಅಪ್ಪನ ಪಕ್ಕ ಕೂತು ಮೀಟರು ಹಿಡಿಯಲು ಕಲಿತವಳು. ಮದುವೆಯಾಗಲಿಲ್ಲ. ಆಂಬುಲೆನ್ಸ್ ಓಡಿಸುವ ತಮ್ಮ, ಅವನ ಹೆಂಡತಿ, ಇವಳು, ಎರಡು ಕೋಣೆಯ ಮನೆಯಲ್ಲಿ ಒಟ್ಟಿಗಿದ್ದರು.

ಗಾಡಿ ಕೆಟ್ಟರೆ ಎಂಜಿನ್ ಬಿಚ್ಚಿ ಹರಡಿಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಸೂಜಿಯಕ್ಕ ಬಿಚ್ಚುವ ಮೊದಲು ನೋಡುತ್ತಿದ್ದಳು. ಒಮ್ಮೆ ಒಬ್ಬ ನಿವೃತ್ತ ಮೇಷ್ಟ್ರ ಕಾರು ಮೂರನೇ ಗೇರಿನಲ್ಲೇ ಸಿಕ್ಕಿಕೊಂಡು, ಏದುಸಿರು ಬಿಡುತ್ತಾ ಗ್ಯಾರೇಜಿಗೆ ಬಂತು. ಬೇರೆ ಕಡೆ ಇಬ್ಬರು ಮೆಕ್ಯಾನಿಕ್‌ಗಳು ಗೇರ್‌ಬಾಕ್ಸೇ ಹೋಯಿತು, ಹೊಸದು ಹಾಕಬೇಕು ಎಂದು ತೀರ್ಪು ಕೊಟ್ಟಾಗಿತ್ತು. ಇವಳು ಅರ್ಧ ಗಂಟೆ ಗಾಡಿಯ ಕೆಳಗೆ ಮಲಗಿದ್ದು, ಹೆಬ್ಬೆರಳು ಗಾತ್ರದ ಸ್ಪೀಡ್ ಸೆನ್ಸರ್ ಒಂದನ್ನು ಕಳಚಿ ತಂದಳು.

"ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಗೇರ್‌ಬಾಕ್ಸಿಗೆ ಚಾಡಿ ಹೇಳೋನು ಇವನೇ ಮೇಷ್ಟ್ರೇ. ಇವನ ಬಾಯಿ ಕಟ್ಟಿದೆ. ಪಾಪ, ಗೇರ್‌ಬಾಕ್ಸಿಗೆ ಏನೂ ಗೊತ್ತಾಗದೆ ಹೆದರಿ ಒಂದೇ ಗೇರಿಗೆ ಅಂಟಿಕೊಂಡಿದೆ."

ಹೊಸ ಸೆನ್ಸರ್ ಹಾಕಿದ ಮೇಲೆ ಕಾರು ಬೆಣ್ಣೆಯ ಹಾಗೆ ಗೇರು ಬದಲಿಸಿತು. ಮೇಷ್ಟ್ರು ಸಿಕ್ಕಸಿಕ್ಕವರಿಗೆಲ್ಲ ಈ ಕತೆ ಹೇಳಿಕೊಂಡು ತಿರುಗಿದರು. ಅಲ್ಲಿಂದ ಅವಳಿಗೆ ಊರಲ್ಲೊಂದು ಹೆಸರು. ಹೆಸರಿನ ಜೊತೆ ಸ್ವಲ್ಪ ಹಮ್ಮೂ ಬಂತು ಎಂದು ಆಮೇಲೆ ಅವಳೇ ಒಪ್ಪಿಕೊಂಡಳು.

ಆ ವರ್ಷದ ಬೇಸಿಗೆಯಲ್ಲಿ ತಮ್ಮನ ಆಂಬುಲೆನ್ಸ್ ಕಾಟ ಕೊಡಲು ಶುರುಮಾಡಿತು. ವಾರದಲ್ಲಿ ಮೂರು ಸಲ ಓಡುತ್ತಾ ಓಡುತ್ತಾ ಗಕ್ಕನೆ ನಿಂತಿತು. ಹತ್ತು ಹದಿನೈದು ನಿಮಿಷ ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಮೂರು ಸಲವೂ ಒಳಗೆ ರೋಗಿ ಇರಲಿಲ್ಲ. ಆಸ್ಪತ್ರೆಯ ಗಾಡಿಗಳೆಲ್ಲ ಇದೇ ಗ್ಯಾರೇಜಿಗೆ ಬರುತ್ತಿದ್ದುದರಿಂದ ತಮ್ಮ ಬೆಳಿಗ್ಗೆಯೇ ತಂದು ನಿಲ್ಲಿಸಿದ.

ಸೂಜಿಯಕ್ಕ ಸ್ಕ್ಯಾನರ್ ಹಚ್ಚಿದಳು. ಯಾವ ದೋಷವೂ ದಾಖಲಾಗಿರಲಿಲ್ಲ. ಎರಡು ಸುತ್ತು ಓಡಿಸಿದಳು. ಗಾಡಿ ಒಳ್ಳೆಯ ಮಗುವಿನ ಹಾಗೆ ನಡೆದುಕೊಂಡಿತು. ಆದರೂ ಅವಳಿಗೆ ದೋಷದ ವಾಸನೆ ಹತ್ತಿತ್ತು. ಎಂಜಿನ್ ತಿರುಗುವುದನ್ನು ಎಣಿಸುವ ಕ್ರ್ಯಾಂಕ್ ಸೆನ್ಸರ್ ಅಂತ ಒಂದಿರುತ್ತದೆ. ಅದರ ಒಳಗಿನ ತಂತಿ ಬಿರುಕು ಬಿಟ್ಟಿದ್ದರೆ ತಣ್ಣಗಿದ್ದಾಗ ಸರಿಯಾಗಿಯೇ ಇದ್ದು, ಬಿಸಿ ಏರಿದಾಗ ಬಾಯಿ ಬಿಡುತ್ತದೆ. ಆಗ ಎಂಜಿನ್ನಿಗೆ ತಾನು ತಿರುಗುತ್ತಿದ್ದೇನೆ ಎಂಬುದೇ ತಿಳಿಯದೆ ನಿಂತುಬಿಡುತ್ತದೆ. ಖಚಿತ ಮಾಡಿಕೊಳ್ಳಬೇಕಾದರೆ ಎಂಜಿನ್ನನ್ನು ಒಂದೂವರೆ ಗಂಟೆ ಓಡಿಸಿ ಬಿಸಿ ಮಾಡಿ, ನಿಲ್ಲುವವರೆಗೂ ಕಾಯಬೇಕು. ಹೊಸ ಸೆನ್ಸರ್ ಅಂಗಡಿಯಲ್ಲಿರಲಿಲ್ಲ. ನಾಳೆ ಬರುತ್ತದೆ ಎಂದರು.

ಅಷ್ಟರಲ್ಲಿ ಆಸ್ಪತ್ರೆಯ ಗಾಡಿಗಳನ್ನು ನೋಡಿಕೊಳ್ಳುವ ಗುಮಾಸ್ತ ಮೂರನೇ ಸಲ ಫೋನ್ ಮಾಡಿದ. ಇನ್ನೊಂದು ಆಂಬುಲೆನ್ಸಿನ ಬ್ರೇಕು ಬಿಚ್ಚಿ ಹಾಕಿದ್ದಾರೆ, ಇರುವುದು ಇದೊಂದೇ ಎಂದು ಒಂದೇ ರಾಗ.

ತಮ್ಮ ಅವಳ ಮುಖ ನೋಡಿದ. "ಅಕ್ಕಾ, ತಗೊಂಡು ಹೋಗ್ಲಾ ಬೇಡ್ವಾ? ನೀನು ಹೇಳಿದ ಹಾಗೆ."

ಅವಳು ಕೈ ಒರೆಸಿಕೊಳ್ಳುತ್ತಾ ಚಾವಿ ಕೊಟ್ಟಳು. "ನಾಳೆ ಪಾರ್ಟ್ ಬರುತ್ತೆ. ಇವತ್ತೊಂದಿನ ಹೆಂಗೋ ದೂಡು."

ಮಧ್ಯಾಹ್ನ ಮೂರಕ್ಕೆ ಅವಳು ಒಂದು ಲಾರಿಯ ಕೆಳಗಿದ್ದಾಗ ಫೋನ್ ಬಂತು.

"ಅಕ್ಕಾ, ದೊಡ್ಡ ಸೇತುವೆ ಮೇಲೆ ನಿಂತೋಯ್ತು. ಒಳಗೆ ಪೇಶಂಟ್ ಇದ್ದಾರೆ, ಎದೆನೋವು."

ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. "ಚಾವಿ ತಿರುಗಿಸಿದಾಗ ಎಂಜಿನ್ ಸುತ್ತು ತೋರಿಸೋ ಮುಳ್ಳು ಅಲ್ಲಾಡುತ್ತಾ?"

"ಇಲ್ಲ. ಸೊನ್ನೆ ಮೇಲೇ ಕೂತಿದೆ."

"ಸರಿ, ಅದೇ. ಕುಡಿಯೋ ನೀರಿದ್ರೆ ತಗೊಂಡು ಕೆಳಗೆ ತೂರು. ಎಂಜಿನ್‌ಗೂ ಗೇರ್‌ಬಾಕ್ಸಿಗೂ ಸೇರೋ ಕಡೆ ವೈರು ಹೋಗಿರೋ ಕಪ್ಪು ತುಂಡೊಂದಿದೆ. ಅದರ ಮೇಲೆ ನೀರು ಹುಯ್ಯಿ. ನಿಧಾನಕ್ಕೆ. ತಣ್ಣಗಾಗಬೇಕು."

ಅವನು ಫೋನ್ ಕತ್ತರಿಸಲು ಮರೆತು ಸೀಟಿನ ಮೇಲಿಟ್ಟು ಹೋದ. ಅವಳೂ ಕತ್ತರಿಸಲಿಲ್ಲ. ಹಿಂದಿನ ಗಾಡಿಗಳ ಹಾರ್ನ್, ಎದೆ ಒತ್ತುತ್ತಾ ನರ್ಸ್ ಎಣಿಸುವ ಲೆಕ್ಕ, ಅದರ ನಡುವೆ ಒಂದು ಹೆಂಗಸಿನ ದನಿ ಕೇಳಿಸಿತು: "ರೀ, ಕಣ್ಣು ಬಿಡ್ರೀ. ಇಲ್ಲೇ ಇದೀನಿ, ನೋಡ್ರೀ." ಲಾರಿಯ ಕೆಳಗೆ ಮಲಗಿದಲ್ಲೇ ಅವಳು ಅದನ್ನೆಲ್ಲ ಕೇಳಿಸಿಕೊಂಡಳು. ಎಂಜಿನ್ ಸ್ಟಾರ್ಟ್ ಆದ ಸದ್ದೂ ಕೇಳಿಸಿತು. ಆ ಹೊತ್ತಿಗೆ ಹೆಂಗಸಿನ ದನಿ ಮಾತಾಗಿ ಉಳಿದಿರಲಿಲ್ಲ.

ತೀರಿಕೊಂಡವನು ಒಬ್ಬ ಬಡಗಿ, ಐವತ್ತೊಂದು ವರ್ಷ. ಗಾಡಿ ನಿಂತದ್ದು ಇಪ್ಪತ್ತೆರಡು ನಿಮಿಷ. ಬೇಗ ಬಂದಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಿದಾಗ ಡಾಕ್ಟರು, ಹೇಳಲಾಗುವುದಿಲ್ಲ ಎಂದರು. ಸೂಜಿಯಕ್ಕನ ಪಾಲಿಗೆ ಉಳಿದದ್ದು ಆ ಒಂದೇ ಮಾತು. ಎಷ್ಟು ಅಳೆದರೂ ಅದಕ್ಕೆ ಅಳತೆ ಸಿಗಲಿಲ್ಲ.

ಆಸ್ಪತ್ರೆ ವಿಚಾರಣೆ ಕರೆಯಿತು. ಮೂರು ಸಲ ನಿಂತದ್ದನ್ನು ಡ್ರೈವರ್ ತಿಳಿಸಲೇ ಇಲ್ಲ ಎಂದು ಗುಮಾಸ್ತ ಬರೆದುಕೊಟ್ಟು ಕೈತೊಳೆದುಕೊಂಡಿದ್ದ. ವಿಚಾರಣೆಯ ದಿನ ಬೆಳಿಗ್ಗೆ ಗ್ಯಾರೇಜಿನ ಯಜಮಾನರು ಸೂಜಿಯಕ್ಕನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಅವಳ ಅಪ್ಪ ಹೋದಾಗ ಮನೆ ಬಾಗಿಲಲ್ಲಿ ಮೂರು ದಿನ ನಿಂತವರು.

"ನೋಡಮ್ಮಾ, ನೀನು ಸುಳ್ಳು ಹೇಳು ಅನ್ನಲ್ಲ. ಸ್ಕ್ಯಾನರಲ್ಲಿ ಏನೂ ಬರಲಿಲ್ಲ ಅನ್ನು, ಅದು ನಿಜಾನೇ. ಅಷ್ಟಕ್ಕೆ ಸುಮ್ಮನಾಗು. ಇಲ್ಲಿ ಹದಿನಾಲ್ಕು ಜನರ ಅನ್ನ ಇದೆ."

ಹೊರಗೆ ತಮ್ಮ ಕಾದಿದ್ದ. ಅವನೂ ಅದನ್ನೇ ಹೇಳಿದ. "ನಾನೇ ಒಪ್ಕೋತೀನಿ ಅಕ್ಕಾ. ಓಡಿಸಿದ್ದು ನಾನು. ನೀನು ಬಾಯಿ ಬಿಡಬೇಡ."

ವಿಚಾರಣೆಯ ಕೋಣೆಯಲ್ಲಿ ಮೇಜಿನ ಹಿಂದೆ ಮೂವರು ಅಧಿಕಾರಿಗಳು ಕೂತಿದ್ದರು. ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅವರಲ್ಲೊಬ್ಬರು ಮೊಣಕೈ ಊರಿದ್ದರು. ಡ್ರೈವರ್ ದೂರು ಹೇಳಿದ್ದನೇ ಎಂದು ಕೇಳಿದರು.

"ಹೇಳಿದ್ದ. ಮೂರು ಸಲ ನಿಂತಿದೆ ಅಂತಾನೇ ತಂದಿದ್ದ. ನಂಗೆ ಸೆನ್ಸರ್ ಮೇಲೆ ಅನುಮಾನ ಇತ್ತು, ಬಲವಾಗೇ ಇತ್ತು."

"ಹಾಗಿದ್ರೆ ಯಾಕಮ್ಮಾ ಕಳಿಸಿದ್ರಿ?"

"ಒಂದು ದಿನ ತಾನೇ ಅಂದ್ಕೊಂಡೆ."

"ಕಳಿಸಿ ಅಂತ ಇಲ್ಲಿಂದ ಒತ್ತಾಯ ಇತ್ತಲ್ಲ?"

"ಇತ್ತು ಸಾರ್. ಆದ್ರೆ ಚಾವಿ ನನ್ನ ಕೈಲಿತ್ತು."

ಗೋಡೆಗೊರಗಿ ನಿಂತಿದ್ದ ಗುಮಾಸ್ತ ತಲೆ ತಗ್ಗಿಸಿದ. ತಮ್ಮ ಅವಳ ಕಡೆ ನೋಡಲೇ ಇಲ್ಲ.

ವಾರದೊಳಗೆ ಗ್ಯಾರೇಜಿಗೂ ಆಸ್ಪತ್ರೆಗೂ ಸಂಬಂಧ ಹರಿದುಬಿತ್ತು. ಸೂಜಿಯಕ್ಕನ ಕೆಲಸವೂ ಹೋಯಿತು. ಯಜಮಾನರು ಅವಳ ಸಾಮಾನಿನ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬಾಗಿಲವರೆಗೆ ತಂದಿಟ್ಟರು. ತಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಮತ್ತೆ ಸ್ಟೇರಿಂಗ್ ಹಿಡಿಯಲು ಅವನಿಂದ ಆಗಲಿಲ್ಲ. ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಮನೆಯಲ್ಲಿ ಅವನು ಅವಳೊಂದಿಗೆ ಮಾತು ಬಿಟ್ಟ. ಒಂದು ದಿನ ಅವಳೇ ಕೆದಕಿ ಕೇಳಿದಾಗ ಸಿಡಿದ.

"ಅವತ್ತು ಬೇಡ ಅನ್ನೋಕೆ ನಂಗೂ ಆಗ್ತಿತ್ತು. ತಪ್ಪು ನಂದು ಅಂತ ಹೇಳಿ ಹಗುರ ಆಗೋಣ ಅಂದ್ಕೊಂಡಿದ್ದೆ. ಅದನ್ನೂ ನೀನೇ ಬಾಚ್ಕೊಂಡೆ."



ಎರಡು ತಿಂಗಳಾದ ಮೇಲೆ ಬಡಗಿಯ ಮನೆ ಹುಡುಕಿಕೊಂಡು ಹೋದಳು. ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಗೋಡೆಗೆ ಒರಗಿಸಿದ ಒಂದು ಕಿಟಕಿಯ ಚೌಕಟ್ಟು ಅರ್ಧಕ್ಕೇ ನಿಂತಿತ್ತು. ನೆಲದ ಸಂದುಗಳಲ್ಲಿ ಮರದ ಪುಡಿ ಇನ್ನೂ ಇತ್ತು. ಬಡಗಿಯ ಹೆಂಡತಿ ಬಾಗಿಲಲ್ಲೇ ನಿಂತು, ಇವಳು ಯಾರೆಂದು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಕೆಟ್ಟಿದ್ದು ಎಷ್ಟು ದೊಡ್ಡದು?" ಎಂದು ಕೇಳಿದಳು.

ಸೂಜಿಯಕ್ಕ ಬೆರಳಿನ ಎರಡು ಗೆಣ್ಣು ತೋರಿಸಿದಳು.

"ಇಷ್ಟೇನಾ?" ಆಕೆ ತನ್ನ ಬೆರಳನ್ನೂ ಎತ್ತಿ, ಅಳತೆ ಸರಿಯೇ ಎನ್ನುವ ಹಾಗೆ ಪಕ್ಕಕ್ಕೆ ಹಿಡಿದಳು. ಬೆರಳು ಇಳಿಸಿ ಹೇಳಿದಳು, "ನೀವು ಬಂದಿದ್ದು ನಿಮ್ಮ ಸಮಾಧಾನಕ್ಕೆ. ನಂಗೆ ಕೊಡೋಕೆ ನಿಮ್ಮ ಹತ್ರ ಏನೂ ಇಲ್ಲ. ಇನ್ನು ಬರಬೇಡಿ ಅಕ್ಕಾ."

ಬಯ್ದಿದ್ದರೂ ಆಗುತ್ತಿತ್ತು. ಆ 'ಅಕ್ಕಾ' ಎಂಬುದನ್ನು ಹೊತ್ತುಕೊಂಡು ಅವಳು ಬಸ್ ನಿಲ್ದಾಣದವರೆಗೆ ನಡೆದಳು. ಮತ್ತೆ ಆ ಬೀದಿಗೆ ಹೋಗಲಿಲ್ಲ.

ಈಗ ಅವಳಿಗೆ ಐವತ್ತೆಂಟು. ಊರ ಹೊರಗಿನ ಬಸ್ ಡಿಪೊದಲ್ಲಿ ಕೆಲಸ. ದಾರಿಯಲ್ಲಿ ನಿಂತುಹೋಯಿತು ಎಂದು ಬಂದ ಬಸ್ಸನ್ನು ತನ್ನ ಕಣ್ಣೆದುರು ಮತ್ತೊಮ್ಮೆ ನಿಲ್ಲುವವರೆಗೂ ಬಿಡುವುದಿಲ್ಲ. ಎಂಜಿನ್ ಉರಿಸಿಟ್ಟು, ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು, ಎರಡು ಗಂಟೆ, ಮೂರು ಗಂಟೆ ಕೂತಿರುತ್ತಾಳೆ. ಡ್ರೈವರುಗಳು ಗೊಣಗುತ್ತಾರೆ. "ಈಯಮ್ಮನ ಹತ್ರ ಗಾಡಿ ಬಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಸಿಗೋದು" ಎಂದು ನಗುತ್ತಾರೆ. ಮೇಲಿನವರಿಂದ ಎರಡು ಸಲ ನೋಟಿಸೂ ಬಂದಿದೆ. ಅವಳು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು ಮತ್ತೆ ಸ್ಟೂಲಿನ ಮೇಲೆ ಕೂರುತ್ತಾಳೆ. ಮನೆಯಲ್ಲಿ ತಮ್ಮನು ಊಟ ಮುಗಿಸಿ ಎದ್ದ ಮೇಲೆಯೇ ಅವನ ಹೆಂಡತಿ ಇವಳಿಗೆ ತಟ್ಟೆ ಹಾಕುತ್ತಾಳೆ. ಹನ್ನೊಂದು ವರ್ಷದಿಂದ ಹಾಗೇ ನಡೆದುಬಂದಿದೆ.